ಅಂಕ ಇಳಿದ ವರ್ಷ ಆ ಮನೆಯವರು ಮಾಡಿದ ತೀರ್ಮಾನ: ಒಂದು ಪ್ರಕರಣ ಅಧ್ಯಯನ

ಮೂರು ವರ್ಷದ ಮಗುವನ್ನು ಒಂದು ಒಳ್ಳೆಯ ಶಾಲಾಪೂರ್ವ ಕೇಂದ್ರಕ್ಕೆ ಸೇರಿಸಿದರೆ ಅದರ ಫಲ ಎಷ್ಟು ವರ್ಷ ಉಳಿಯುತ್ತದೆ? ಅಪ್ಪ ಅಮ್ಮ ಕೇಳುವ ಪ್ರಶ್ನೆ ಇದು. ಹಣ ಕೊಡುವವರು ಕೇಳುವುದೂ ಇದನ್ನೇ. ಮನೆ ಭೇಟಿ ಮಾಡುವ ಕಾರ್ಯಕರ್ತೆಯರ ಜೊತೆ ನಾನು ತುಂಬಾ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕೇಂದ್ರದೊಳಗೆ ಏನು ನಡೆಯಿತು ಅಂತ ಮಾತ್ರ ನೋಡಿದರೆ ಈ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಕಾರ್ಯಕ್ರಮ ಮುಗಿದು ಮಗು ಶಾಲೆಗೆ ಹೋದ ಮೇಲೆ ಮನೆಯವರು ಏನು ತೀರ್ಮಾನ ಮಾಡುತ್ತಾರೆ ಅನ್ನೋದನ್ನೂ ನೋಡಬೇಕು. ಆ ತೀರ್ಮಾನಗಳು ಸ್ಪಷ್ಟವಾಗಿ ಕಾಣುವ ಒಂದು ಕುಟುಂಬದ ಕಥೆ ಇದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ತೀರ್ಮಾನಗಳು ಮತ್ತು ಅವು ಬಂದ ಕ್ರಮ ಮಾತ್ರ ಇದ್ದ ಹಾಗೇ ಇವೆ.

ಹಿನ್ನೆಲೆ

ಮನೆಯಲ್ಲಿ ಐದು ಜನ. ಅಮ್ಮ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದರು. ಎಷ್ಟು ಹೊಲಿದರೆ ಅಷ್ಟು ಕೂಲಿ. ಅಪ್ಪ ಸರಕು ಸಾಗಿಸುವ ಗಾಡಿಯ ಚಾಲಕ, ವಾರದ ಬಹುಪಾಲು ದಿನ ದಾರಿಯಲ್ಲೇ. ಅಪ್ಪನ ತಾಯಿ ಜೊತೆಗಿದ್ದರು. ಮಕ್ಕಳು ಇಬ್ಬರು: ಏಳು ವರ್ಷದ ಮಗಳು, ಇನ್ನೂ ಮೂರು ತುಂಬದ ಮಗ. ಮಗ ಹುಟ್ಟಿದಾಗ ತೂಕ ಕಮ್ಮಿ ಇತ್ತು. ಮಾತು ತಡವಾಗಿತ್ತು. ಬೇಕಾದ್ದನ್ನು ಕೈ ತೋರಿಸಿ ಕೇಳುತ್ತಿದ್ದ, ಸಿಗದಿದ್ದರೆ ಅಳುತ್ತಿದ್ದ.

ಅವನನ್ನು ನಮ್ಮ ಕಾರ್ಯಕ್ರಮಕ್ಕೆ ಸೇರಿಸಿದರು. ಎರಡು ವರ್ಷ, ದಿನಕ್ಕೆ ಅರ್ಧ ಹೊತ್ತು ಕೇಂದ್ರದಲ್ಲಿ ಆಟ ಮತ್ತು ಕಲಿಕೆ. ಜೊತೆಗೆ ವಾರಕ್ಕೊಮ್ಮೆ ಒಂದು ಗಂಟೆ ಮನೆ ಭೇಟಿ. ಈ ಮಾದರಿ ಹೊಸದಲ್ಲ. 1962ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ ಶುರುವಾದ ಪೆರ್ರಿ ಪ್ರಿಸ್ಕೂಲ್ ಕೂಡ ಹೀಗೇ ಇತ್ತು. ಬೆಳಿಗ್ಗೆ ಎರಡೂವರೆ ಗಂಟೆ ತರಗತಿ, ವಾರಕ್ಕೊಮ್ಮೆ ಶಿಕ್ಷಕರು ಮನೆಗೆ. ಒಟ್ಟು 123 ಬಡ ಮಕ್ಕಳಲ್ಲಿ 58 ಮಕ್ಕಳಿಗೆ ಇದು ಸಿಕ್ಕಿತು, 65 ಮಕ್ಕಳಿಗೆ ಸಿಗಲಿಲ್ಲ. ಎರಡೂ ಗುಂಪುಗಳನ್ನು ಸಂಶೋಧಕರು ನಡುವಯಸ್ಸಿನವರೆಗೂ ಹಿಂಬಾಲಿಸಿ ನೋಡಿದ್ದಾರೆ. ಅದರ ಫಲಿತಾಂಶಕ್ಕೆ ಮುಂದೆ ಬರುತ್ತೇನೆ, ಯಾಕೆಂದರೆ ಈ ಮನೆಯ ಕಥೆ ತಿರುಗಿದ್ದು ಅದೇ ಜಾಗದಲ್ಲಿ.

ಮೊದಲ ತೊಡಕು: ಆಟ ಆಡಿಸುವವರು ಯಾರು?

ಮೊದಲ ಕೆಲವು ವಾರ ಭೇಟಿ ಚೆನ್ನಾಗಿ ನಡೆಯುತ್ತಿರುವ ಹಾಗೆ ಕಾಣುತ್ತಿತ್ತು. ಕಾರ್ಯಕರ್ತೆ ಬರುತ್ತಿದ್ದರು, ಚೀಲದಿಂದ ಆಟದ ಸಾಮಾನು ತೆಗೆಯುತ್ತಿದ್ದರು, ಹುಡುಗ ಖುಷಿಯಿಂದ ಆಡುತ್ತಿದ್ದ. ಅಮ್ಮ ಪಕ್ಕದಲ್ಲೇ ಮೆಷಿನ್ ಮೇಲೆ ಕೂತು ಹೊಲಿಯುತ್ತಿದ್ದರು. ಗಂಟೆ ಮುಗಿದ ಮೇಲೆ ಚೀಲ ಮುಚ್ಚುತ್ತಿತ್ತು. ಮುಂದಿನ ವಾರದವರೆಗೆ ಆ ಆಟ ಮತ್ತೆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅಮ್ಮನ ಲೆಕ್ಕದಲ್ಲಿ ಇದು ಮನೆಗೆ ಬಂದು ಪಾಠ ಹೇಳುವ ಟೀಚರ್ ಇದ್ದ ಹಾಗೆ. ಹಾಗೆ ಅಂದುಕೊಂಡಿದ್ದರಲ್ಲಿ ಅವರ ತಪ್ಪೇನಿಲ್ಲ. ಭೇಟಿ ನೋಡಲು ಹಾಗೇ ಇತ್ತು.

ಕಾರ್ಯಕರ್ತೆ ಇದನ್ನು ವಾರದ ಸಭೆಗೆ ತಂದರು. ವಾರಕ್ಕೆ ಒಂದು ಗಂಟೆ ಹೊರಗಿನವರು ಆಡಿಸಿದರೆ ಮಗುವಿಗೆ ಸಿಗುವುದು ಒಂದೇ ಗಂಟೆ. ಅಮ್ಮ ಆಡಿಸಿದರೆ ಆ ಗಂಟೆ ವಾರವಿಡೀ ಹರಡುತ್ತದೆ. ಅಲ್ಲಿಂದ ಮೂರು ಬದಲಾವಣೆ ಮಾಡಿದೆವು. ಚೀಲ ಒಯ್ಯುವುದು ನಿಂತಿತು. ಕಾರ್ಯಕರ್ತೆ ಮಗುವಿನ ಮುಂದೆ ಕೂರುವುದನ್ನು ಬಿಟ್ಟು ಅಮ್ಮನ ಪಕ್ಕ ಕೂರತೊಡಗಿದರು. ಆಟ ಏನಿದ್ದರೂ ಅಮ್ಮ ಈಗಾಗಲೇ ಮಾಡುತ್ತಿರುವ ಕೆಲಸದೊಳಗೇ ಹುಟ್ಟಬೇಕು ಅಂತ ಒಪ್ಪಿಕೊಂಡೆವು.

ಆ ಮನೆಯಲ್ಲಿ ಕೆಲಸ ಅಂದರೆ ಹೊಲಿಗೆ. ಹುಡುಗ ಮೆಷಿನ್ ಹತ್ತಿರ ಬಂದರೆ ಅಮ್ಮ ಗದರುತ್ತಿದ್ದರು. ಸೂಜಿ ಇದೆ, ಕತ್ತರಿ ಇದೆ, ಗದರದೇ ಇನ್ನೇನು ಮಾಡ್ತಾರೆ? ಅವನನ್ನು ದೂರ ಕಳಿಸುವ ಬದಲು, ಕೈಗೆ ಸಿಗದ ಆದರೆ ಮಾತಿಗೆ ಸಿಗುವಷ್ಟು ದೂರದಲ್ಲಿ ಒಂದು ಚಾಪೆ ಹಾಕಿದರು. ಅದರ ಮೇಲೆ ಖಾಲಿಯಾದ ದಾರದ ರೀಲುಗಳ ಡಬ್ಬ. ಗುಂಡಿ ಕೊಡೋಣ ಅಂತ ಅಮ್ಮ ಅಂದಾಗ ಕಾರ್ಯಕರ್ತೆ ಬೇಡ ಅಂದರು, ಬಾಯಿಗೆ ಹಾಕಿಕೊಳ್ಳುವ ವಯಸ್ಸು. ರೀಲುಗಳ ಮೇಲೆ ಬಣ್ಣದ ದಾರ ಇನ್ನೂ ಸ್ವಲ್ಪ ಸುತ್ತಿಕೊಂಡಿತ್ತು. ಅಮ್ಮ ಹೊಲಿಯುತ್ತಲೇ "ಕೆಂಪು ಕೊಡು" ಅನ್ನುತ್ತಿದ್ದರು. ಅವನು ನೀಲಿ ಹಿಡಿಯುತ್ತಿದ್ದ. "ಇದು ನೀಲಿ. ಕೆಂಪು ಎಲ್ಲಿ? ನನ್ನ ಬಟ್ಟೆ ನೋಡು, ಈ ಬಣ್ಣ." ಹುಡುಕಿ ತಂದರೆ ಎರಡು ಮಾತು ಹೆಚ್ಚು. ರೀಲುಗಳನ್ನು ಒಂದರ ಮೇಲೊಂದು ನಿಲ್ಲಿಸುವುದು, ಬೀಳಿಸುವುದು, ಎಷ್ಟು ಬಿತ್ತು ಅಂತ ಎಣಿಸುವುದು. ಕೆಲವು ತಿಂಗಳಲ್ಲಿ ಅವನೇ ಕೇಳತೊಡಗಿದ: "ಅಮ್ಮಾ, ಈಗ ಯಾವುದು?" ಅವನ ಬಾಯಿಂದ ಬಂದ ಮೊದಲ ಉದ್ದದ ಪ್ರಶ್ನೆಗಳಲ್ಲಿ ಅದೂ ಒಂದು.

ಅಜ್ಜಿಗೆ ಮೊದಲು ಇದು ಹಿಡಿಸಲಿಲ್ಲ. "ಏನಮ್ಮಾ, ಮಗು ಜೊತೆ ಮಾತಾಡ್ತಾ ಕೂತ್ರೆ ಕೆಲಸ ಸಾಗುತ್ತಾ?" ಅಂತ ಕಾರ್ಯಕರ್ತೆಯನ್ನೇ ಕೇಳಿದರು. ಕಾರ್ಯಕರ್ತೆ ವಾದ ಮಾಡಲಿಲ್ಲ. ಅಜ್ಜಿಗೆ ಕಥೆ ಹೇಳುವ ಅಭ್ಯಾಸ ಇತ್ತು, ಆದರೆ ಸಣ್ಣ ಮಗುವಿಗೆ ಅರ್ಥವಾಗಲ್ಲ ಅಂತ ಬಿಟ್ಟಿದ್ದರು. ಒಂದು ಕಥೆ ಹೇಳಿ ಅಂತ ಕೇಳಿಕೊಂಡರು. ಹುಡುಗ ಮಾರನೇ ದಿನ ಅದೇ ಕಥೆ ಬೇಕು ಅಂತ ಅಜ್ಜಿಯ ಸೆರಗು ಹಿಡಿದ. ಆಮೇಲೆ ಅಜ್ಜಿಯನ್ನು ಒಪ್ಪಿಸುವ ಅಗತ್ಯ ಬೀಳಲಿಲ್ಲ.

ಮನೆ ಭೇಟಿಗೆ ಇಷ್ಟು ಶಕ್ತಿ ಇದೆಯಾ ಅಂತ ಅನುಮಾನ ಪಡುವವರಿಗೆ ಜಮೈಕಾದ ಪ್ರಯೋಗ ಹೇಳುತ್ತೇನೆ. 1986-87ರಲ್ಲಿ ಕಿಂಗ್‌ಸ್ಟನ್ ನಗರದಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿಕೊಂಡರು. ಯಾರಿಗೂ ಎರಡು ವರ್ಷ ತುಂಬಿರಲಿಲ್ಲ. ಕೆಲವರ ಮನೆಗೆ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಒಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆ ಇಟ್ಟುಕೊಂಡು, ತಾಯಿ ಮಗುವಿನ ಜೊತೆ ಹೇಗೆ ಆಡಬಹುದು ಅಂತ ತೋರಿಸಿದರು. ಹೀಗೆ ಎರಡು ವರ್ಷ. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆ, ಭೇಟಿ ಸಿಗದವರಿಗಿಂತ ಸುಮಾರು 25 ಶೇಕಡಾ ಜಾಸ್ತಿ ಇತ್ತು ಅಂತ 2014ರಲ್ಲಿ ವರದಿ ಬಂತು. ಪೂರಕ ಆಹಾರ ಮಾತ್ರ ಸಿಕ್ಕ ಗುಂಪಿನಲ್ಲಿ ಅಂಥ ದೀರ್ಘಕಾಲದ ಲಾಭ ಕಾಣಲಿಲ್ಲ. ಆಹಾರ ಬೇಡ ಅಂತ ಇದರ ಅರ್ಥ ಅಲ್ಲ. ಆಹಾರದ ಜೊತೆ ಮಾತು ಮತ್ತು ಆಟವೂ ಬೇಕು, ಅವನ್ನು ಕೊಡುವ ಮುಖ್ಯ ವ್ಯಕ್ತಿ ಮನೆಯಲ್ಲೇ ಇರುತ್ತಾರೆ.

ಬಾಗಿಲಲ್ಲಿ ನಿಲ್ಲುತ್ತಿದ್ದ ಅಕ್ಕ

ಮಗಳ ಬಗ್ಗೆ ಕಾರ್ಯಕ್ರಮದ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ವಯಸ್ಸು ಮೀರಿತ್ತು. ಭೇಟಿಯ ಹೊತ್ತಿಗೆ ಅವಳು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಾ ನಿಲ್ಲುತ್ತಿದ್ದಳು. ನಿಯಮದ ಪ್ರಕಾರ ಭೇಟಿ ಸೇರಿಸಿದ ಮಗುವಿಗೆ ಮಾತ್ರ. ಕಾರ್ಯಕರ್ತೆ ಅವಳನ್ನೂ ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದರು. ಮೇಲಿನವರು ಕೇಳಿದಾಗ ನಾನು ಅವರ ಪರ ನಿಂತೆ. ಇಡೀ ಪ್ರಕರಣದಲ್ಲಿ ಅತಿ ಕಮ್ಮಿ ಖರ್ಚಿನ, ಅತಿ ಹೆಚ್ಚು ಫಲ ಕೊಟ್ಟ ತೀರ್ಮಾನ ಅದೇ ಅಂತ ನನ್ನ ನಂಬಿಕೆ.

ಅವಳು ತಮ್ಮನಿಗೆ ಚಿತ್ರದ ಪುಸ್ತಕ ಓದಿ ಹೇಳತೊಡಗಿದಳು. ಅವನಿಗಾಗಿ ಓದಲು ಹೋಗಿ ಅವಳ ಓದೂ ಸುಧಾರಿಸಿತು. ಆದರೆ ಇದರಲ್ಲಿ ಅಪಾಯವೂ ಇತ್ತು. ಹೊಲಿಗೆ ಕೆಲಸ ಜಾಸ್ತಿ ಬಂದ ದಿನ ಅವಳು ಶಾಲೆ ತಪ್ಪಿಸಿ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ತಮ್ಮನಿಗೆ ಓದಿಸುವುದು ಬೇರೆ, ತಮ್ಮನ ಹೊಣೆ ಹೊರುವುದು ಬೇರೆ. ಕಾರ್ಯಕರ್ತೆ ಈ ಗಡಿಯನ್ನು ಅಮ್ಮನ ಮುಂದೆ ಸ್ಪಷ್ಟವಾಗಿ ಹೇಳಿದರು. ಅಂಥ ದಿನಗಳಲ್ಲಿ ಅಜ್ಜಿ ನೋಡಿಕೊಳ್ಳುವುದು ಅಂತ ಒಪ್ಪಂದವಾಯಿತು. ಪೂರ್ತಿ ನಿಲ್ಲಲಿಲ್ಲ, ಆದರೆ ತುಂಬಾ ಕಮ್ಮಿಯಾಯಿತು.

ಅಂಕ ಇಳಿದ ವರ್ಷ

ಹುಡುಗ ಶಾಲೆಗೆ ಸೇರಿದಾಗ ತರಗತಿಯಲ್ಲಿ ಮುಂದಿದ್ದ. ಬಣ್ಣ, ಎಣಿಕೆ, ಅಕ್ಷರ ಎಲ್ಲ ಗೊತ್ತು. ಮನೆಯಲ್ಲಿ ಹಬ್ಬದ ಸಂಭ್ರಮ. ಎರಡನೇ ತರಗತಿಯಲ್ಲಿ ಅಂತರ ಕಮ್ಮಿಯಾಯಿತು. ಮೂರನೇ ತರಗತಿ ಮುಗಿಯುವ ಹೊತ್ತಿಗೆ ಅವನು ಎಲ್ಲರ ಮಧ್ಯೆ ಒಬ್ಬ. ಲೆಕ್ಕದಲ್ಲಿ ಸರಾಸರಿಗಿಂತ ಸ್ವಲ್ಪ ಕೆಳಗೇ ಇದ್ದ.

ಅಪ್ಪ ರಜೆಗೆ ಬಂದಾಗ ಅಂಕಪಟ್ಟಿ ನೋಡಿ, "ಎರಡು ವರ್ಷ ಕಳಿಸಿದ್ದು ಸುಮ್ನೆ ಹೋಯ್ತಲ್ವಾ ಮೇಡಂ?" ಅಂದರು. ಆ ಮಾತಿನಲ್ಲಿ ಕೋಪಕ್ಕಿಂತ ನೋವು ಜಾಸ್ತಿ ಇತ್ತು. ಅಮ್ಮನ ಯೋಚನೆ ಬೇರೆ ದಾರಿ ಹಿಡಿದಿತ್ತು. ಮಗ ಹಿಂದೆ ಬೀಳುತ್ತಿದ್ದಾನೆ, ಅವನನ್ನು ಎತ್ತಬೇಕು, ಅದಕ್ಕೆ ಒಳ್ಳೆಯ ಟ್ಯೂಷನ್ ಬೇಕು, ಅದಕ್ಕೆ ದುಡ್ಡು ಬೇಕು. ದುಡ್ಡು ಎಲ್ಲಿಂದ? ಮಗಳು ಆಗ ಎಂಟನೇ ತರಗತಿ. ಓದು ಅಲ್ಲಿಗೆ ನಿಲ್ಲಿಸಿ ಅಮ್ಮನ ಜೊತೆ ಹೊಲಿಗೆಗೆ ಕೂತರೆ ಆದಾಯ ಹೆಚ್ಚುತ್ತದೆ. ಮಾತು ಬಹುಪಾಲು ಆಗಿಹೋಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಕ ಇಳಿದದ್ದು ಈ ಹುಡುಗನಿಗೆ ಮಾತ್ರ ಆದದ್ದಲ್ಲ. ಪೆರ್ರಿ ಮಕ್ಕಳಲ್ಲೂ ಮೊದಲು ಐಕ್ಯೂ (ಬುದ್ಧಿಮಟ್ಟದ ಅಳತೆ) ಏರಿತು, ಶಾಲೆಯ ಮೊದಲ ಕೆಲವು ವರ್ಷಗಳಲ್ಲೇ ಆ ಲಾಭ ಕರಗಿತು. ಆಗಲೇ ಅಧ್ಯಯನ ನಿಲ್ಲಿಸಿದ್ದರೆ ಅದನ್ನು ಸೋತ ಪ್ರಯೋಗ ಅಂತ ಬರೆದುಬಿಡುತ್ತಿದ್ದರು. ನಿಲ್ಲಿಸಲಿಲ್ಲ. 40ನೇ ವಯಸ್ಸಿನಲ್ಲಿ ನೋಡಿದಾಗ ಕಾರ್ಯಕ್ರಮ ಸಿಕ್ಕವರಲ್ಲಿ 77 ಶೇಕಡಾ ಪ್ರೌಢಶಾಲೆ ಮುಗಿಸಿದ್ದರು, ಸಿಗದವರಲ್ಲಿ 60 ಶೇಕಡಾ. ಐದು ಅಥವಾ ಹೆಚ್ಚು ಸಲ ಬಂಧನಕ್ಕೆ ಒಳಗಾದವರು ಮೊದಲ ಗುಂಪಿನಲ್ಲಿ 36 ಶೇಕಡಾ, ಎರಡನೆಯದರಲ್ಲಿ 55 ಶೇಕಡಾ. ಅರ್ಥಶಾಸ್ತ್ರದ ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಈ ಮಾಹಿತಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ ಹೇಳಿದ್ದು ಇಷ್ಟು: ಐಕ್ಯೂ ಉಳಿಯದಿದ್ದರೂ ನಡವಳಿಕೆ, ಹಿಡಿದ ಕೆಲಸ ಮುಗಿಸುವ ಗುಣ, ಬೇರೆಯವರ ಜೊತೆ ಹೊಂದಿಕೊಳ್ಳುವ ಗುಣ ಉಳಿದವು, ದೊಡ್ಡವರಾದ ಮೇಲಿನ ಲಾಭದ ದೊಡ್ಡ ಪಾಲು ಅಲ್ಲಿಂದ ಬಂತು. ಅಮೆರಿಕದಲ್ಲಿ ಬಡ ಮನೆಗಳ ಪುಟ್ಟ ಮಕ್ಕಳಿಗಾಗಿ 1965ರಲ್ಲಿ ಶುರುವಾದ ಹೆಡ್ ಸ್ಟಾರ್ಟ್ ಕಾರ್ಯಕ್ರಮವನ್ನು ಒಂದೇ ಮನೆಯ ಮಕ್ಕಳನ್ನು ಹೋಲಿಸಿ ನೋಡಿದವರಿಗೂ ಇಂಥದ್ದೇ ಚಿತ್ರ ಸಿಕ್ಕಿತು. ಅಂಕದ ಲಾಭ ಕುಗ್ಗುತ್ತದೆ, ಯೌವನದಲ್ಲಿ ಬದುಕಿನ ಲಾಭ ಮತ್ತೆ ಕಾಣಿಸುತ್ತದೆ.

ಹಾಗಂತ ಎಲ್ಲ ಕಾರ್ಯಕ್ರಮವೂ ಕೊನೆಗೆ ಫಲ ಕೊಟ್ಟೇ ಕೊಡುತ್ತದೆ ಅಂತ ಮಾತು ಕೊಡಲು ಬರುವುದಿಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯದ ಶಾಲಾಪೂರ್ವ ಕಾರ್ಯಕ್ರಮದ ಮಕ್ಕಳು ಆರನೇ ತರಗತಿಯಲ್ಲಿ, ಅದಕ್ಕೆ ಹೋಗದ ಮಕ್ಕಳಿಗಿಂತ ಹಿಂದಿದ್ದರು ಅಂತ 2022ರಲ್ಲಿ ವರದಿಯಾಯಿತು. ಶಿಸ್ತಿನ ತೊಂದರೆಯೂ ಹೆಚ್ಚಿತ್ತು. ಆದ್ದರಿಂದ ನಾವು ಆ ಅಪ್ಪನಿಗೆ "ಚಿಂತೆ ಬೇಡ, ಮುಂದೆ ಸರಿಹೋಗುತ್ತೆ" ಅಂತ ಹೇಳಿ ಎದ್ದು ಬರುವ ಹಾಗಿರಲಿಲ್ಲ. ಈ ಹುಡುಗನಲ್ಲಿ ಏನು ಉಳಿದಿದೆ ಅಂತ ಮೊದಲು ನೋಡಬೇಕಿತ್ತು.

ತಿರುವು

ಕಾರ್ಯಕರ್ತೆ ಶಾಲೆಗೆ ಹೋಗಿ ತರಗತಿ ಶಿಕ್ಷಕಿಯನ್ನು ಅಂಕ ಬಿಟ್ಟು ಬೇರೆಯದನ್ನು ಕೇಳಿದರು. ಹಾಜರಿ ಹೇಗಿದೆ? ಶುರು ಮಾಡಿದ್ದನ್ನು ಮುಗಿಸುತ್ತಾನಾ? ಗೊತ್ತಾಗದಿದ್ದರೆ ಏನು ಮಾಡುತ್ತಾನೆ? ಜಗಳ ಆದರೆ? ಶಿಕ್ಷಕಿ ಹೇಳಿದ್ದು ಹೀಗೆ: ತಪ್ಪಿಸಿಕೊಳ್ಳುವುದಿಲ್ಲ, ತಪ್ಪು ಉತ್ತರ ಬಂದರೂ ಪಟ್ಟು ಹಿಡಿದು ಮತ್ತೆ ಮಾಡುತ್ತಾನೆ, ಅರ್ಥವಾಗದಿದ್ದರೆ ಕೈ ಎತ್ತಿ ಕೇಳುವ ಕೆಲವೇ ಮಕ್ಕಳಲ್ಲಿ ಇವನೂ ಒಬ್ಬ. ಮಾತು ಬರದೆ ಕೈ ತೋರಿಸಿ ಅಳುತ್ತಿದ್ದ ಮಗು ಇದು.

ಈ ಮಾತನ್ನು ಮನೆಯಲ್ಲಿ ಎಲ್ಲರೂ ಇದ್ದಾಗ ಹೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ದಿನಾ ಸಂಜೆ ಅವನ ಜೊತೆ ಓದಲು ಕೂರುವವರು ಯಾರು? ಎಲ್ಲರೂ ಮಗಳ ಕಡೆ ನೋಡಿದರು. ಅವಳು ತನ್ನ ಓದಿನ ಜೊತೆ ಅವನಿಗೂ ಹೇಳಿಕೊಡುತ್ತಿದ್ದಳು, ವರ್ಷಗಳಿಂದ. ಅದಕ್ಕೆ ಯಾರೂ ಲೆಕ್ಕ ಇಟ್ಟಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅಕ್ಕಾ, ಇವಳನ್ನ ಕೆಲಸಕ್ಕೆ ಕೂರಿಸಿದ್ರೆ ಇವನಿಗೆ ಓದಿಸೋರು ಯಾರು? ಟ್ಯೂಷನ್ ಮಾಸ್ತರು ಇಷ್ಟು ಹೊತ್ತು ಕೂರ್ತಾರಾ?"

ಮಗಳ ಓದು ಅವಳ ಹಕ್ಕು. ತಮ್ಮನಿಗೆ ಉಪಯೋಗ ಇದೆ ಅನ್ನೋ ಕಾರಣಕ್ಕೆ ಅದನ್ನು ಉಳಿಸಬೇಕಾಗಿ ಬಂದದ್ದು ನನಗೆ ಈಗಲೂ ನೋವು ಕೊಡುತ್ತದೆ. ಕಾರ್ಯಕರ್ತೆ ಆ ಹೊತ್ತಿನಲ್ಲೇ ಅವಳ ಅಂಕಪಟ್ಟಿಯನ್ನೂ ಕೇಳಿ ತರಿಸಿದರು. ಅದು ತಮ್ಮನದಕ್ಕಿಂತ ಚೆನ್ನಾಗಿತ್ತು. ಅಪ್ಪ ಅದನ್ನು ಗಮನವಿಟ್ಟು ಓದಿದ್ದು ಅದೇ ಮೊದಲು.

ಮನೆಯವರು ಇರುವಷ್ಟು ಹಣ, ಸಮಯವನ್ನು ಮಕ್ಕಳ ನಡುವೆ ಹೇಗೆ ಹಂಚುತ್ತಾರೆ ಅನ್ನೋದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಹಳೆಯ ಚರ್ಚೆ ಇದೆ. ಗ್ಯಾರಿ ಬೆಕರ್ ಮತ್ತು ನೈಜೆಲ್ ಟೋಮ್ಸ್ 1976ರಲ್ಲಿ ಹೇಳಿದ್ದು, ಓದಿಗೆ ಹಾಕುವ ಹಣದ ವಿಷಯದಲ್ಲಿ ಹೆತ್ತವರು ಹೆಚ್ಚು ಫಲ ಬರುವ ಮಗುವಿನ ಕಡೆ ವಾಲುತ್ತಾರೆ ಅಂತ. ಹಿಂದೆ ಉಳಿದ ಮಗುವಿಗೆ ಹೆಚ್ಚು ಕೊಟ್ಟು ಸಮ ಮಾಡಲು ನೋಡುತ್ತಾರೆ ಅನ್ನೋದು ಮತ್ತೊಂದು ಪಕ್ಷ. ಈ ಮನೆಯಲ್ಲಿ ಎರಡೂ ಒಟ್ಟಿಗೆ ಇದ್ದವು. ಅಪ್ಪ ಮಗನ ಮೇಲೆ ಹಾಕುವುದು ದಂಡ ಅಂದುಕೊಂಡಿದ್ದರು, ಅಮ್ಮ ಮಗಳಿಂದ ಕಿತ್ತು ಮಗನಿಗೆ ಕೊಡಲು ಹೊರಟಿದ್ದರು. ಇಬ್ಬರಿಗೂ ಅಂಕವೇ ಅಳತೆಗೋಲು. ಆ ಅಳತೆ ಬದಲಾದ ಕೂಡಲೇ ಹಂಚಿಕೆಯ ಲೆಕ್ಕವೂ ಬದಲಾಯಿತು.

ಆಮೇಲೆ ಮಾಡಿದ್ದು

ಟ್ಯೂಷನ್ ಕೈಬಿಟ್ಟರು. ಮಗಳು ಶಾಲೆಯಲ್ಲೇ ಉಳಿದಳು. ಅವಳ ಪರೀಕ್ಷೆಯ ತಿಂಗಳಲ್ಲಿ ಅಮ್ಮ ಹೊಲಿಗೆ ಕಮ್ಮಿ ಒಪ್ಪಿಕೊಳ್ಳುತ್ತಿದ್ದರು, ಆದಾಯ ಕುಗ್ಗುವುದು ಗೊತ್ತಿದ್ದೂ. ಮನೆಗೆಲಸದಲ್ಲಿ ಅವಳ ಪಾಲನ್ನು ಅಜ್ಜಿ ವಹಿಸಿಕೊಂಡರು. ಅಪ್ಪ ಎಲ್ಲಿದ್ದರೂ ರಾತ್ರಿ ಒಂದು ಹೊತ್ತಿಗೆ ಫೋನ್ ಮಾಡತೊಡಗಿದರು. "ಓದಿದ್ಯಾ?" ಅಂತ ಕೇಳುವ ಬದಲು "ಇವತ್ತು ಏನಾಯ್ತು, ಹೇಳು" ಅಂತ ಕೇಳಿ ಅನ್ನೋದು ಕಾರ್ಯಕರ್ತೆಯ ಸಲಹೆ. ಮೊದಲಿಗೆ ಮಕ್ಕಳು ಎರಡು ಮಾತಾಡಿ ಇಡುತ್ತಿದ್ದರು. ಆಮೇಲೆ ಫೋನಿಗಾಗಿ ಕಿತ್ತಾಟ ಶುರುವಾಯಿತು.

ಎಲ್ಲವೂ ನಿಲ್ಲಲಿಲ್ಲ. ಅಪ್ಪನ ಕೆಲಸ ಹೋದ ಕಾಲದಲ್ಲಿ ಫೋನ್ ನಿಂತಿತು, ಮನೆಯಲ್ಲಿ ಮಾತೇ ಕಮ್ಮಿಯಾಯಿತು. ಅಕ್ಕಪಕ್ಕದ ತಾಯಂದಿರನ್ನು ಸೇರಿಸಿ ಓದುವ ಗುಂಪು ಕಟ್ಟಲು ನೋಡಿದೆವು, ಕೆಲವೇ ತಿಂಗಳಲ್ಲಿ ಚದುರಿತು. ದಿನಗೂಲಿಯವರಿಗೆ ಸಂಜೆ ಬಿಡುವು ಎಲ್ಲಿಂದ ಬರಬೇಕು? ಹುಡುಗ ಏಳನೇ ತರಗತಿಯಲ್ಲಿ ಲೆಕ್ಕದಲ್ಲಿ ಫೇಲಾದ. ಆದರೆ ಆ ಸಲ ಮನೆಯಲ್ಲಿ ಯಾರೂ "ಸುಮ್ನೆ ಹೋಯ್ತು" ಅನ್ನಲಿಲ್ಲ. ಅಕ್ಕ ಕೂತು ಹಿಂದಿನ ವರ್ಷದ ಪಾಠದಿಂದ ಮತ್ತೆ ಶುರು ಮಾಡಿಸಿದಳು.

ಈಗ ಮಗಳು ಪದವಿ ಮುಗಿಸಿ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಮಗ ಶಾಲೆ ಮುಗಿಸಿ ಯಂತ್ರ ರಿಪೇರಿಯ ತಾಂತ್ರಿಕ ಕೋರ್ಸ್ ಮಾಡುತ್ತಿದ್ದಾನೆ. ಅಂಕ ಸಾಧಾರಣ. ಕೋರ್ಸ್ ಬಿಟ್ಟು ಹೋದವರು ಅವನ ತಂಡದಲ್ಲಿ ಬೇಕಾದಷ್ಟು ಜನ, ಅವನು ಬಿಟ್ಟಿಲ್ಲ. ಇದಕ್ಕೆ ಕಾರ್ಯಕ್ರಮದ ಪಾಲು ಎಷ್ಟು, ಅಕ್ಕನ ಪಾಲು ಎಷ್ಟು ಅಂತ ಒಂದು ಮನೆಯನ್ನು ನೋಡಿ ತೂಗಲು ಬರುವುದಿಲ್ಲ. ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ ಅಂತ ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಪೆರ್ರಿ ಮಕ್ಕಳ ಒಡಹುಟ್ಟಿದವರಿಗೂ, ಮುಂದೆ ಆ ಪೆರ್ರಿ ಮಕ್ಕಳಿಗೆ ಹುಟ್ಟಿದವರಿಗೂ ಲಾಭ ಹರಿದಿದೆ ಅಂತ ಹೆಕ್‌ಮನ್ ಮತ್ತು ಗಣೇಶ್ ಕಾರಪಾಕುಲ 2019ರಲ್ಲಿ ತೋರಿಸಿದ್ದಾರೆ. ಹೆಡ್ ಸ್ಟಾರ್ಟ್‌ಗೆ ಮಕ್ಕಳನ್ನು ಕಳಿಸಿದ ಹೆತ್ತವರು ಮಕ್ಕಳ ಜೊತೆ ಕಳೆಯುವ ಸಮಯವನ್ನು ಹೆಚ್ಚಿಸಿದರು, ಕಾರ್ಯಕ್ರಮ ಮುಗಿದ ಮೇಲೂ ಅದು ಉಳಿಯಿತು ಅಂತ 2013ರ ಒಂದು ಅಧ್ಯಯನ ಕಂಡುಕೊಂಡಿದೆ. ಈ ಮನೆಯಲ್ಲಿ ನಾನು ಕಂಡದ್ದೂ ಇಂಥದ್ದೇ.

ಅದೇ ಕೇಂದ್ರಕ್ಕೆ ಬಂದ ಇನ್ನೊಬ್ಬ ಹುಡುಗ

ಈ ಹುಡುಗನ ಚಿಕ್ಕಮ್ಮನ ಮಗನೂ ಅದೇ ಕೇಂದ್ರಕ್ಕೆ ಬಂದಿದ್ದ. ಅದೇ ತರಗತಿ, ಅದೇ ಶಿಕ್ಷಕಿ. ಅವನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ. ಆ ತಾಯಿಗೆ ಮಗನ ಮೇಲೆ ಪ್ರೀತಿ ಕಮ್ಮಿ ಇತ್ತು ಅಂತ ಯಾರಾದರೂ ಅಂದರೆ ನನಗೆ ಸಹಿಸಲು ಆಗುವುದಿಲ್ಲ. ಅವರು ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಮನೆ ಭೇಟಿಯ ಹೊತ್ತು ಹಗಲು. ಆಗ ಮನೆಗೆ ಬೀಗ. ಕಾರ್ಯಕರ್ತೆ ಹೋದಾಗಲೆಲ್ಲ ವರದಿಯಲ್ಲಿ "ಪೋಷಕರು ಸಿಗಲಿಲ್ಲ" ಅಂತ ಬರೆಯಬೇಕಾಯಿತು. ಆ ವರದಿ ಓದಿದವರಿಗೆ ಪೋಷಕರಿಗೆ ಆಸಕ್ತಿ ಇಲ್ಲ ಅಂತ ಕಂಡಿತು. ಅವರು ಮನೆಯಲ್ಲಿರುವ ಹೊತ್ತಿಗೆ ಭೇಟಿ ಇಡುವುದು ಕಾರ್ಯಕ್ರಮದ ಕೆಲಸವಾಗಿತ್ತು. ಕುಟುಂಬದ ಹೂಡಿಕೆ ಅಂದ ಕೂಡಲೇ ಎಲ್ಲ ಹೊರೆಯನ್ನೂ ತಾಯಂದಿರ ಮೇಲೆ ಹಾಕುವವರು ಈ ಎರಡನೇ ಮನೆಯನ್ನೂ ನೋಡಬೇಕು. ಬಿಡುವಿಲ್ಲದವರಿಗೆ ಬಿಡುವು ಕೊಡದೆ "ಮಕ್ಕಳ ಜೊತೆ ಸಮಯ ಕಳೆಯಿರಿ" ಅನ್ನುವುದು ನ್ಯಾಯವಲ್ಲ.

ಈ ಎರಡು ಮನೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದ ಮೇಲೆ ನಮ್ಮಲ್ಲಿ ಕೆಲವು ನಿಯಮ ಬದಲಾದವು. ಭೇಟಿಯ ಹೊತ್ತನ್ನು ಮನೆಯವರು ಆರಿಸುತ್ತಾರೆ, ಸಂಜೆ ಮತ್ತು ರಜಾ ದಿನಗಳೂ ಸೇರಿ. ಅದಕ್ಕಾಗಿ ಕಾರ್ಯಕರ್ತೆಯರಿಗೆ ಬೇರೆ ದಿನ ಬಿಡುವು ಕೊಡುತ್ತೇವೆ. ಭೇಟಿಯಲ್ಲಿ ಮನೆಯ ಎಲ್ಲ ಮಕ್ಕಳೂ ಕೂರಬಹುದು. "ಪೋಷಕರು ಸಿಗಲಿಲ್ಲ" ಅಂತ ಬರೆದರೆ, ಯಾವ ಹೊತ್ತಿಗೆ ಹೋದಿರಿ ಮತ್ತು ಅವರ ಕೆಲಸದ ಹೊತ್ತು ಯಾವುದು ಅಂತಲೂ ಬರೆಯಬೇಕು. ಮಗು ಮೂರನೇ ತರಗತಿ ಮುಗಿಸುವಾಗ ಒಂದು ಭೇಟಿ ಕಡ್ಡಾಯ. ಅಂಕ ಇಳಿಯಬಹುದು ಅನ್ನೋದನ್ನು ಆ ಭೇಟಿಗೆ ಮುಂಚೆಯೇ, ಕಾರ್ಯಕ್ರಮದ ಕೊನೆಯ ದಿನವೇ, ಮನೆಯವರಿಗೆ ಹೇಳಿರುತ್ತೇವೆ. ಶಿಕ್ಷಕಿಗೆ ಕೇಳಿದ್ದ ಆ ನಾಲ್ಕು ಪ್ರಶ್ನೆಗಳು ಈಗ ಭೇಟಿಯ ಹಾಳೆಯಲ್ಲಿ ಅಚ್ಚಾಗಿವೆ. ಅವುಗಳ ಕೆಳಗೆ ಐದನೆಯದೊಂದನ್ನು ಸೇರಿಸಿದ್ದೇವೆ: ಈ ಮಗುವಿನ ಓದಿಗಾಗಿ ಮನೆಯಲ್ಲಿ ಬೇರೆ ಯಾರಾದರೂ ಏನನ್ನಾದರೂ ಬಿಡುತ್ತಿದ್ದಾರಾ?